ಮಂಗಳದ ಶಿಲೆಗಳು ಮತ್ತು ಅಭಿಧೇಯತ್ವದ ಪ್ರಶ್ನೆ

ಇರುವುದೆಲ್ಲವೂ ಅರಿವಿಗೆ ನಿಲುಕಬಲ್ಲದ್ದು, ಅರಿವಿಗೆ ನಿಲುಕಬಲ್ಲದ್ದೆಲ್ಲವೂ ಹೆಸರಿಗೆ ಒಳಪಡಬಲ್ಲದ್ದು ಎಂಬುದು ವೈಶೇಷಿಕ ದರ್ಶನದ ಮೂಲ ನಿಲುವುಗಳಲ್ಲೊಂದು. ಕಣಾದನ ಸೂತ್ರಗಳ ಪದಾರ್ಥವಿಚಾರವನ್ನು ಕ್ರಮಬದ್ಧವಾಗಿ ವಿಸ್ತರಿಸಿದ ಪ್ರಶಸ್ತಪಾದನು ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ ಎಂಬ ಆರು ಪದಾರ್ಥಗಳಿಗೂ ಸಮಾನವಾದ ಮೂರು ಧರ್ಮಗಳನ್ನು ಹೇಳುತ್ತಾನೆ. ಅವು ಅಸ್ತಿತ್ವ ಅಂದರೆ ಇರುವಿಕೆ, ಜ್ಞೇಯತ್ವ ಅಂದರೆ ಅರಿವಿಗೆ ವಿಷಯವಾಗುವ ಯೋಗ್ಯತೆ, ಅಭಿಧೇಯತ್ವ ಅಂದರೆ ಶಬ್ದದಿಂದ ನಿರ್ದೇಶಿಸಲ್ಪಡುವ ಯೋಗ್ಯತೆ. ಮುಂದೆ ನವ್ಯನೈಯಾಯಿಕರು ಜ್ಞೇಯತ್ವ, ಅಭಿಧೇಯತ್ವಗಳಂಥ ಧರ್ಮಗಳನ್ನು ಕೇವಲಾನ್ವಯಿ ಎಂದು ಕರೆದರು, ಅಂದರೆ ಎಲ್ಲೆಡೆಯೂ ಇದ್ದು ಎಲ್ಲಿಯೂ ಇಲ್ಲವೆನ್ನಲಾಗದ ಧರ್ಮಗಳು. ಈ ಚರ್ಚೆಗೆ ಶಾಸ್ತ್ರಗ್ರಂಥಗಳು ಕೊಡುವ ಉದಾಹರಣೆಗಳು ಸಾಮಾನ್ಯವಾಗಿ ಘಟ ಮತ್ತು ಪಟ. ಮಡಕೆಯೂ ಬಟ್ಟೆಯೂ ಮನುಷ್ಯನ ಕೈಯಿಂದಲೇ ಹುಟ್ಟಿ, ಹುಟ್ಟುವ ಮೊದಲೇ ಹೆಸರು ಪಡೆದಿರುವ ವಸ್ತುಗಳಾದ್ದರಿಂದ ವಾದದ ನಿಜವಾದ ತೊಡಕು ಅಲ್ಲಿ ಎದ್ದು ಕಾಣುವುದಿಲ್ಲ. ಮಾತನಾಡುವವರು ಯಾರೂ ಇಲ್ಲದ ಕಡೆ ಕೋಟ್ಯಂತರ ವರ್ಷ ಬಿದ್ದಿದ್ದ ಕಲ್ಲಿಗೆ ಅಭಿಧೇಯತ್ವ ಇತ್ತೇ, ಇದ್ದರೆ ಅದು ಯಾರನ್ನು ಆಶ್ರಯಿಸಿತ್ತು ಎಂಬ ಪ್ರಶ್ನೆಗೆ ಮಂಗಳಗ್ರಹಕ್ಕೆ ಹೋದ ಯಂತ್ರಗಳು ಒಂದು ನೈಜ ಸಂದರ್ಭವನ್ನು ಒದಗಿಸಿವೆ.

1997ರ ಜುಲೈ 4ರಂದು ನಾಸಾ ಸಂಸ್ಥೆಯ ಪಾತ್‌ಫೈಂಡರ್ ನೌಕೆಯು ಏರೀಸ್ ವ್ಯಾಲಿಸ್ ಎಂಬ ಪುರಾತನ ಪ್ರವಾಹದ ಬಯಲಿನಲ್ಲಿ ಇಳಿದಾಗ, ಅದರೊಳಗಿದ್ದ ಸುಮಾರು ಹತ್ತೂವರೆ ಕಿಲೋ ತೂಕದ ಸೊಜರ್ನರ್ ಎಂಬ ಸಂಚಾರಿ ಯಂತ್ರದ ಸುತ್ತ ಕಂಡ ಕಲ್ಲುಗಳಿಗೆ ವಿಜ್ಞಾನಿಗಳು ಬಾರ್ನಕಲ್ ಬಿಲ್, ಯೋಗಿ, ಸ್ಕೂಬಿ ಡೂ ಎಂಬಂಥ ಹೆಸರುಗಳನ್ನಿಟ್ಟರು. ಇವುಗಳಲ್ಲಿ ಯೋಗಿ ಎಂಬುದು ಅಮೆರಿಕದ ವ್ಯಂಗ್ಯಚಿತ್ರದ ಕರಡಿಯ ಹೆಸರು, ಆ ಬಂಡೆ ಕರಡಿಯ ತಲೆಯಂತೆ ಕಂಡದ್ದೇ ಅದಕ್ಕೆ ಕಾರಣ. ಇಂಥ ಹೆಸರುಗಳು ಅಧಿಕೃತವಲ್ಲ. ಗ್ರಹಗಳ ಮೇಲಿನ ಕುಳಿ, ಬೆಟ್ಟ, ಕಣಿವೆಗಳಿಗೆ ಅಧಿಕೃತವಾಗಿ ಹೆಸರಿಡುವ ಅಧಿಕಾರ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ್ದು. ಮಂಗಳದ ಸಣ್ಣ ಕುಳಿಗಳಿಗೆ ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳ ಹೆಸರಿಡಬೇಕೆಂಬುದು ಅದರ ನಿಯಮ, ಜೆಜೆರೊ ಕುಳಿಗೆ ಬೋಸ್ನಿಯಾ ಹರ್ಜೆಗೋವಿನಾದ ಸಣ್ಣ ಊರೊಂದರ ಹೆಸರು ಬಂದದ್ದು ಹೀಗೆ. ಬಿಡಿ ಕಲ್ಲುಗಳ ಹೆಸರುಗಳಾದರೋ ಯಂತ್ರವನ್ನು ನಡೆಸುವ ತಂಡದ ದೈನಂದಿನ ಅಗತ್ಯದಿಂದ ಹುಟ್ಟುತ್ತವೆ. ಮಂಗಳದಲ್ಲಿ ಸಂಚರಿಸುವ ಕ್ಯೂರಿಯಾಸಿಟಿ ಯಂತ್ರದ ತಂಡವು ನೆಲವನ್ನು ಸುಮಾರು ಒಂದೂವರೆ ಕಿಲೋಮೀಟರ್ ಅಗಲದ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೆ ಭೂಮಿಯ ಒಂದು ಸ್ಥಳದ ಹೆಸರಿಟ್ಟು, ಆ ಸ್ಥಳಕ್ಕೆ ಸಂಬಂಧಿಸಿದ ಹೆಸರುಗಳನ್ನು ಅಲ್ಲಿ ಸಿಗುವ ಕಲ್ಲುಗಳಿಗೆ ಹಂಚುತ್ತದೆ; ಆದ್ದರಿಂದ ಕಲ್ಲಿನ ಹೆಸರಿಗೂ ಕಲ್ಲಿನ ಸ್ವರೂಪಕ್ಕೂ ಸಾಮಾನ್ಯವಾಗಿ ಯಾವ ನಂಟೂ ಇರುವುದಿಲ್ಲ.

ಹೆಸರು ಅರಿವಿನ ಒಳಗೇ ಇರುವುದೋ ಅರಿವಿನ ಬಳಿಕ ಬರುವುದೋ ಎಂಬುದು ಭಾರತೀಯ ಪ್ರಮಾಣಶಾಸ್ತ್ರದ ಹಳೆಯ ವಿವಾದ. ನ್ಯಾಯಸೂತ್ರದಲ್ಲಿ ಗೌತಮನು ಪ್ರತ್ಯಕ್ಷದ ಲಕ್ಷಣ ಹೇಳುವಾಗ ಅವ್ಯಪದೇಶ್ಯ, ಅಂದರೆ ಹೆಸರಿನಿಂದ ಸೂಚಿಸಲಾಗದ್ದು, ಎಂಬ ವಿಶೇಷಣವನ್ನು ಸೇರಿಸುತ್ತಾನೆ. ವಸ್ತುವಿನ ಹೆಸರು ಗೊತ್ತಿಲ್ಲದವನಿಗೂ ಇಂದ್ರಿಯಸಂಪರ್ಕದಿಂದ ಅದೇ ಅರಿವು ಉಂಟಾಗುತ್ತದೆ, ಹೆಸರು ಬೇಕಾಗುವುದು ವ್ಯವಹಾರಕಾಲದಲ್ಲಿ ಮಾತ್ರ ಎಂದು ಭಾಷ್ಯಕಾರ ವಾತ್ಸ್ಯಾಯನನು ಇದನ್ನು ವಿವರಿಸುತ್ತಾನೆ. ಬೌದ್ಧ ತಾರ್ಕಿಕ ದಿಙ್ನಾಗನು ಇನ್ನೂ ಮುಂದೆ ಹೋಗಿ, ನಾಮ ಜಾತಿ ಮೊದಲಾದವುಗಳನ್ನು ವಸ್ತುವಿಗೆ ಜೋಡಿಸುವುದನ್ನೇ ಕಲ್ಪನೆ ಎಂದು ಕರೆದು, ಕಲ್ಪನೆಯಿಂದ ಮುಕ್ತವಾದದ್ದು ಮಾತ್ರ ಪ್ರತ್ಯಕ್ಷ ಎನ್ನುತ್ತಾನೆ. ಇದಕ್ಕೆ ತದ್ವಿರುದ್ಧವಾಗಿ ವೈಯಾಕರಣ ಭರ್ತೃಹರಿಯ ಮತದಲ್ಲಿ ಶಬ್ದದಿಂದ ಬೇರ್ಪಟ್ಟ ಅರಿವೆಂಬುದೇ ಇಲ್ಲ.

2012ರ ಆಗಸ್ಟ್ 19ರಂದು ಮಂಗಳದ ಗೇಲ್ ಕುಳಿಯಲ್ಲಿ ನಡೆದ ಒಂದು ಪ್ರಯೋಗದಲ್ಲಿ ಈ ವಿವಾದದ ಎರಡು ಪಕ್ಷಗಳೂ ತಮ್ಮ ತಮ್ಮ ಆಧಾರವನ್ನು ಕಂಡುಕೊಳ್ಳಬಹುದು. ಕ್ಯೂರಿಯಾಸಿಟಿ ಇಳಿದು ಇನ್ನೂ ಎರಡು ವಾರ ಕಳೆದಿರಲಿಲ್ಲ. ಅದರ ಕೆಮ್‌ಕ್ಯಾಮ್ ಉಪಕರಣವು ಮುಷ್ಟಿಗಾತ್ರದ ಕಲ್ಲೊಂದರ ಮೇಲೆ 10 ಸೆಕೆಂಡುಗಳಲ್ಲಿ 30 ಸಲ ಲೇಸರ್ ಹಾಯಿಸಿ, ಕಲ್ಲಿನ ಮೇಲ್ಮೈ ಆವಿಯಾಗಿ ಹೊಮ್ಮಿದ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅದರಲ್ಲಿನ ಮೂಲಧಾತುಗಳನ್ನು ಗುರುತಿಸಿತು. ಮೊದಲು ಎನ್165 ಎಂಬ ಸಂಖ್ಯೆ ಮಾತ್ರ ಹೊಂದಿದ್ದ ಆ ಕಲ್ಲಿಗೆ ಬಳಿಕ ಪಟ್ಟಾಭಿಷೇಕ ಎಂಬ ಅರ್ಥದ ಕಾರೊನೇಷನ್ ಎಂಬ ಹೆಸರು ಬಂತು. ಸಂಖ್ಯೆ ಹೋಗಿ ಹೆಸರು ಬಂದುದರಿಂದ ಕಲ್ಲು ಹೊಮ್ಮಿಸಿದ ಬೆಳಕಿನಲ್ಲಿ ಒಂದು ಗೆರೆಯೂ ಹೆಚ್ಚಾಗಲಿಲ್ಲ, ಕಡಿಮೆಯಾಗಲಿಲ್ಲ; ಇಷ್ಟರಮಟ್ಟಿಗೆ ವಾತ್ಸ್ಯಾಯನನ ಮಾತು ನಿಲ್ಲುತ್ತದೆ. ಆದರೆ ಚಿತ್ರದಲ್ಲಿ ಹರಡಿಕೊಂಡಿದ್ದ ಅಷ್ಟೂ ಕಲ್ಲುಗಳ ನಡುವಿನಿಂದ ಇದೊಂದನ್ನೇ ಬೇರ್ಪಡಿಸಿ ಲೇಸರನ್ನು ಅದರತ್ತಲೇ ತಿರುಗಿಸಬೇಕಾದರೆ ಏನಾದರೊಂದು ಗುರುತು ಬೇಕೇ ಬೇಕಿತ್ತು, ಎನ್165 ಎಂಬುದೂ ಒಂದು ಶಬ್ದವೇ. ಕಾಣುವಿಕೆ ಹೆಸರಿಲ್ಲದೆ ನಡೆಯಬಹುದು, ಕಂಡದ್ದರ ಬಗ್ಗೆ ಪ್ರಶ್ನೆ ಕೇಳುವುದು ಹೆಸರಿಲ್ಲದೆ ನಡೆಯದು. ಭರ್ತೃಹರಿಯ ಸಿದ್ಧಾಂತಕ್ಕೆ ಇಷ್ಟು ಜಾಗವನ್ನು ವಿಜ್ಞಾನವೂ ಬಿಟ್ಟುಕೊಡಬೇಕಾಗುತ್ತದೆ.

ಹೀಗೆ ಇಟ್ಟ ಹೆಸರಿಗೆ ತನ್ನ ವಸ್ತುವನ್ನು ಸೂಚಿಸುವ ಬಲ ಎಲ್ಲಿಂದ ಬರುತ್ತದೆ ಎಂಬುದು ಮುಂದಿನ ಪ್ರಶ್ನೆ, ಇಲ್ಲಿ ಧಾರ್ಮಿಕ ವಿಚಾರ ನೇರವಾಗಿ ಪ್ರವೇಶಿಸುತ್ತದೆ. ಶಬ್ದಾರ್ಥಗಳ ಸಂಬಂಧ ಯಾರೂ ಮಾಡಿದ್ದಲ್ಲ, ನಿತ್ಯವಾದದ್ದು ಎಂಬುದು ಮೀಮಾಂಸಕರ ಪಕ್ಷ. ಈ ಶಬ್ದದಿಂದ ಈ ಅರ್ಥ ತಿಳಿಯಲಿ ಎಂಬ ಈಶ್ವರನ ಇಚ್ಛೆಯೇ ಶಬ್ದದ ಶಕ್ತಿ ಎಂಬುದು ನೈಯಾಯಿಕರ ಸಾಂಪ್ರದಾಯಿಕ ಪಕ್ಷ. ಹಾಗಾದರೆ ನಿನ್ನೆ ಹುಟ್ಟಿದ ಮಗುವಿಗೆ ತಂದೆ ಇಡುವ ಹೆಸರಿನ ಗತಿಯೇನು ಎಂಬ ಶಂಕೆಗೆ, 17ನೆಯ ಶತಮಾನದ ವಿಶ್ವನಾಥ ಪಂಚಾನನನು ತನ್ನ ಸಿದ್ಧಾಂತಮುಕ್ತಾವಲಿಯಲ್ಲಿ ಸೊಗಸಾದ ಪರಿಹಾರವನ್ನು ದಾಖಲಿಸುತ್ತಾನೆ. ಹನ್ನೊಂದನೆಯ ದಿನ ತಂದೆ ನಾಮಕರಣ ಮಾಡಬೇಕೆಂಬ ವಿಧಿಯಲ್ಲೇ ಈಶ್ವರನ ಇಚ್ಛೆ ಅಡಗಿರುವುದರಿಂದ ಆ ಹೆಸರಿಗೂ ಶಕ್ತಿಯುಂಟು, ಆದರೆ ಜನರು ಹೊಸದಾಗಿ ಸಂಕೇತಿಸಿಕೊಂಡ ಪರಿಭಾಷೆಗಳಿಗೆ ಇಲ್ಲ ಎಂಬುದು ಸಂಪ್ರದಾಯ. ಇದಕ್ಕೆ ಪ್ರತಿಯಾಗಿ ನವ್ಯರು, ಶಕ್ತಿಯೆಂದರೆ ಇಚ್ಛೆ ಅಷ್ಟೆ, ಅದು ಈಶ್ವರನದೇ ಆಗಿರಬೇಕಿಲ್ಲ, ಆದ್ದರಿಂದ ಹೊಸ ಸಂಕೇತಕ್ಕೂ ಶಕ್ತಿಯಿದೆ ಎನ್ನುತ್ತಾರೆ. ಸ್ಕೂಬಿ ಡೂ ಎಂಬ ಮಂಗಳದ ಬಂಡೆಯ ವಿಷಯದಲ್ಲಿ ಸಾಂಪ್ರದಾಯಿಕ ಪಕ್ಷವನ್ನು ಎತ್ತಿಹಿಡಿಯುವುದು ಕಷ್ಟ, ನವ್ಯರ ಪಕ್ಷ ಸಹಜವಾಗಿ ಹೊಂದುತ್ತದೆ. ಅಮೆರಿಕದ ತತ್ತ್ವಜ್ಞ ಸಾಲ್ ಕ್ರಿಪ್ಕಿ 1970ರ ತನ್ನ ಉಪನ್ಯಾಸಗಳಲ್ಲಿ ಬೇರೊಂದು ದಾರಿಯಿಂದ ಇದರ ಹತ್ತಿರಕ್ಕೇ ಬಂದಿದ್ದ. ಅವನ ಪ್ರಕಾರ ಅಂಕಿತನಾಮವು ವಸ್ತುವಿನ ವರ್ಣನೆಯ ಸಂಕ್ಷೇಪವಲ್ಲ. ಒಮ್ಮೆ ನಾಮಕರಣವಾದ ಮೇಲೆ ಬಾಯಿಂದ ಬಾಯಿಗೆ ಸಾಗುವ ಬಳಕೆಯ ಸರಪಳಿಯೇ ಅದನ್ನು ಆ ವಸ್ತುವಿಗೆ ಕಟ್ಟಿಡುತ್ತದೆ, ಆ ವಸ್ತುವಿನ ಬಗ್ಗೆ ನಂಬಿದ್ದೆಲ್ಲ ಸುಳ್ಳಾದರೂ ಹೆಸರು ಕೆಡುವುದಿಲ್ಲ.

ಈ ಕೊನೆಯ ಮಾತಿನ ಸತ್ಯ 2012ರ ಸೆಪ್ಟೆಂಬರ್‌ನಲ್ಲಿ ಕ್ಯೂರಿಯಾಸಿಟಿಯ ದಾರಿಯಲ್ಲಿ ಸಿಕ್ಕ ಪಿರಮಿಡ್ ಆಕಾರದ ಕಲ್ಲಿನಲ್ಲಿ ಕಾಣುತ್ತದೆ. ಸುಮಾರು 25 ಸೆಂಟಿಮೀಟರ್ ಎತ್ತರ, 40 ಸೆಂಟಿಮೀಟರ್ ಅಗಲದ ಆ ಕಪ್ಪು ಕಲ್ಲನ್ನು ತಂಡ ಆರಿಸಿಕೊಂಡದ್ದು ಮುಖ್ಯವಾಗಿ ಉಪಕರಣಗಳನ್ನು ಪರೀಕ್ಷಿಸಿ ನೋಡುವುದಕ್ಕೆ. ಯಂತ್ರ ಇಳಿದ ಎರಡು ವಾರಕ್ಕೆ, ಆಗಸ್ಟ್ 20ರಂದು ತೀರಿಕೊಂಡ ಎಂಜಿನಿಯರ್ ಜೇಕಬ್ ಮಟಿಯೆವಿಕ್ ಅವರ ಹೆಸರನ್ನು ಅದಕ್ಕೆ ಇಡಲಾಯಿತು. ವಿಶ್ಲೇಷಣೆಯಲ್ಲಿ ಅದು ಸೋಡಿಯಂ, ಪೊಟ್ಯಾಸಿಯಂ ಹೆಚ್ಚಾಗಿ ಮೆಗ್ನೀಸಿಯಂ ಕಡಿಮೆಯಿರುವ, ಮಂಗಳದಲ್ಲಿ ಅದುವರೆಗೆ ಕಾಣದ ಬಗೆಯ ಅಗ್ನಿಶಿಲೆಯಾಗಿ ಹೊರಬಿತ್ತು. ಭೂಮಿಯ ಸಾಗರದ್ವೀಪಗಳಲ್ಲಿ ಸಿಗುವ ಮ್ಯೂಜಿಯರೈಟ್ ಎಂಬ ಶಿಲೆಯನ್ನು ಅದು ಹೋಲುತ್ತಿತ್ತು. ನಿರೀಕ್ಷೆ ತಲೆಕೆಳಗಾದರೂ ಹೆಸರನ್ನು ಬದಲಿಸಬೇಕಾಗಲಿಲ್ಲ, ಏಕೆಂದರೆ ಆ ಹೆಸರು ಕಲ್ಲಿನ ಬಗ್ಗೆ ಏನನ್ನೂ ಹೇಳಿರಲಿಲ್ಲ.

ವರ್ಣಿಸುವ ಹೆಸರಿಗೆ ಈ ಸ್ವಾತಂತ್ರ್ಯವಿಲ್ಲ. 2004ರಲ್ಲಿ ಆಪರ್ಚುನಿಟಿ ಯಂತ್ರವು ಮೆರಿಡಿಯಾನಿ ಬಯಲಿನಲ್ಲಿ ಕಂಡ ಕೆಲವೇ ಮಿಲಿಮೀಟರ್ ಗಾತ್ರದ ಗುಂಡುಕಣಗಳಿಗೆ, ಬಣ್ಣ ತೀಡಿದ ಚಿತ್ರಗಳಲ್ಲಿ ನೀಲಿಯಾಗಿ ಕಂಡವೆಂದು, ಬ್ಲೂಬೆರಿ ಎಂಬ ಹೆಸರು ಬಿತ್ತು. ಅವು ವಾಸ್ತವದಲ್ಲಿ ಬೂದುಬಣ್ಣದವು, ನೆಲದೊಳಗಿನ ನೀರಿನಲ್ಲಿ ಹರಳುಗಟ್ಟಿದ ಹೆಮಟೈಟ್ ಎಂಬ ಕಬ್ಬಿಣದ ಖನಿಜದವು. 2012ರಲ್ಲಿ ಅದೇ ಯಂತ್ರಕ್ಕೆ ಎಂಡೆವರ್ ಕುಳಿಯ ಅಂಚಿನ ಕರ್ಕ್‌ವುಡ್ ಎಂಬ ಬಂಡೆಯಲ್ಲಿ ನೋಡಲು ಹಾಗೆಯೇ ಇದ್ದು ಹೆಮಟೈಟ್ ಹೆಚ್ಚಿಲ್ಲದ ಗುಂಡುಕಣಗಳು ಸಿಕ್ಕಾಗ, ಹಳೆಯ ಹೆಸರು ಹೊಂದದೆ ನ್ಯೂಬೆರಿ ಎಂಬ ಇನ್ನೊಂದನ್ನು ಹುಡುಕಬೇಕಾಯಿತು. ರೂಪ ನೋಡಿ ಕೊಟ್ಟ ಹೆಸರು ರೂಪಸಾಮ್ಯವನ್ನೇ ಸ್ವಭಾವಸಾಮ್ಯವೆಂದು ನಂಬಿಸಿಬಿಡುತ್ತದೆ. ಕಲ್ಪನೆಯ ಬಗ್ಗೆ ದಿಙ್ನಾಗನು ಕೊಟ್ಟ ಎಚ್ಚರಿಕೆ ಅಂಕಿತನಾಮಕ್ಕಿಂತ ಇಂಥ ಹೆಸರಿಗೆ ಹೆಚ್ಚು ಸಲ್ಲುತ್ತದೆ.

ಬೌದ್ಧರ ಇನ್ನೊಂದು ಆಕ್ಷೇಪವನ್ನು ಅಷ್ಟು ಸುಲಭವಾಗಿ ಬದಿಗೆ ಸರಿಸಲಾಗದು. ಕಲ್ಲು ಎಂಬ ಒಂದು ವಸ್ತು ಇದೆಯೇ, ಅಥವಾ ಕಣಗಳ ರಾಶಿಗೆ ಹೆಸರೇ ಏಕತ್ವವನ್ನು ಕೊಡುತ್ತಿದೆಯೇ ಎಂಬುದು ಅದು. ನೈಯಾಯಿಕರ ಮತದಲ್ಲಿ ಅವಯವಗಳಿಗಿಂತ ಬೇರೆಯಾದ ಅವಯವಿ, ಅಂದರೆ ಭಾಗಗಳಲ್ಲಿ ನೆಲೆಸಿರುವ ಇಡೀ ವಸ್ತು, ನಿಜವಾಗಿ ಇದೆ; ಬೌದ್ಧರ ಮತದಲ್ಲಿ ಇರುವುದು ಸಮುದಾಯ ಮಾತ್ರ. 2021ರ ಆಗಸ್ಟ್‌ನಲ್ಲಿ ಪರ್ಸಿವಿಯರೆನ್ಸ್ ಯಂತ್ರವು ಜೆಜೆರೊ ಕುಳಿಯ ರೂಬಿಯೋ ಎಂಬ ಗುರಿಯನ್ನು ಕೊರೆಯಿತು, ರಂಧ್ರ ಸರಿಯಾಗಿಯೇ ಬಿತ್ತು, ಕೊಳವೆಯನ್ನು ಮುಚ್ಚಿ ಒಳಗಿಟ್ಟದ್ದೂ ಆಯಿತು. ಪರೀಕ್ಷಿಸಿದರೆ ಕೊಳವೆ ಖಾಲಿ. ಕಲ್ಲು ಎಷ್ಟು ಸಡಿಲವಾಗಿತ್ತೆಂದರೆ ಕೊರೆಯುವಾಗ ಪುಡಿಪುಡಿಯಾಗಿ ರಂಧ್ರದ ತಳಕ್ಕೂ ಅಂಚಿಗೂ ಸೇರಿಹೋಗಿತ್ತು. ಮುಂದಿನ ತಿಂಗಳು ರೋಶೆಟ್ ಎಂಬ ಬಂಡೆಯನ್ನು ಕೊರೆದಾಗ ಗಟ್ಟಿ ತುಂಡು ಸಿಕ್ಕಿತು. ಎರಡಕ್ಕೂ ಒಂದೇ ಬಗೆಯ ಹೆಸರು, ಒಂದೇ ಬಗೆಯ ಇಚ್ಛೆ. ಒಂದು ಇಡಿಯಾಗಿ ಉಳಿಯಿತು, ಇನ್ನೊಂದು ಉಳಿಯಲಿಲ್ಲ. ಏಕತ್ವವನ್ನು ಹೆಸರೇ ಕೊಡುತ್ತಿದ್ದರೆ ಈ ವ್ಯತ್ಯಾಸಕ್ಕೆ ಕಾರಣ ಹೇಳಲಾಗದು. ಇದರಿಂದ ಅವಯವಿ ಸಿದ್ಧವಾಯಿತೆಂದಲ್ಲ, ಕಣಗಳ ಹಿಡಿತದ ವ್ಯತ್ಯಾಸವನ್ನು ಬೌದ್ಧರೂ ಒಪ್ಪಬಲ್ಲರು. ಆದರೆ ಆ ಹಿಡಿತ ಹೆಸರಿಟ್ಟವರ ಕೊಡುಗೆಯಲ್ಲ ಎಂಬಷ್ಟು ಇಬ್ಬರಿಗೂ ಸಮ್ಮತವಾಗಬೇಕು.

ಹೆಸರಿಡುವುದು ಒಡೆತನದ ಕುರುಹೇ ಎಂಬುದು ಈ ಚರ್ಚೆಯ ನೈತಿಕ ಮುಖ. ಬೈಬಲ್ಲಿನ ಆದಿಕಾಂಡದಲ್ಲಿ ದೇವರು ಪ್ರಾಣಿಪಕ್ಷಿಗಳನ್ನು ಆದಾಮನ ಮುಂದೆ ತಂದು ನಿಲ್ಲಿಸುತ್ತಾನೆ, ಅವನು ಕರೆದದ್ದೇ ಅವುಗಳ ಹೆಸರಾಗುತ್ತದೆ. ಈ ಪ್ರಸಂಗವನ್ನು ಸೃಷ್ಟಿಯ ಮೇಲಿನ ಮನುಷ್ಯನ ಪ್ರಭುತ್ವವೆಂದು ಓದಿದವರೂ ಇದ್ದಾರೆ, ಸೃಷ್ಟಿಯ ಆರೈಕೆಯ ಹೊಣೆಯೆಂದು ಓದಿದವರೂ ಇದ್ದಾರೆ. ಆಕಾಶಕಾಯಗಳನ್ನು ಯಾವ ದೇಶವೂ ತನ್ನದಾಗಿಸಿಕೊಳ್ಳುವಂತಿಲ್ಲವೆಂದು 1967ರ ಬಾಹ್ಯಾಕಾಶ ಒಪ್ಪಂದ ಹೇಳಿದೆ. ಖಗೋಳ ಒಕ್ಕೂಟವೂ ರಾಜಕೀಯ, ಸೈನಿಕ, ಧಾರ್ಮಿಕ ಮಹತ್ವದ ಹೆಸರುಗಳನ್ನು ಹೊಸದಾಗಿ ಇಡಕೂಡದೆಂದು ನಿಯಮ ಮಾಡಿಕೊಂಡಿದೆ. ಆದರೂ ಯಾರ ಭಾಷೆಯಲ್ಲಿ ಎಂಬ ಪ್ರಶ್ನೆ ಉಳಿಯುತ್ತದೆ. 2021ರಲ್ಲಿ ಪರ್ಸಿವಿಯರೆನ್ಸ್ ಇಳಿದ ಚೌಕಕ್ಕೆ ಅರಿಜೋನಾದ ನವಾಹೋ ಜನರ ನಾಡಿನಲ್ಲಿರುವ ಕಣಿವೆಯೊಂದರ ಹೆಸರು ಇದ್ದುದರಿಂದ, ತಂಡವು ನವಾಹೋ ರಾಷ್ಟ್ರದ ಮುಖಂಡರ ಒಪ್ಪಿಗೆ ಪಡೆದು ಅವರು ಕೊಟ್ಟ ಪಟ್ಟಿಯಿಂದ ಹೆಸರುಗಳನ್ನು ಆರಿಸಿತು. ಮೊದಲ ಶಿಲೆಗೆ ಆ ಭಾಷೆಯಲ್ಲಿ ಮಂಗಳಗ್ರಹವನ್ನು ಸೂಚಿಸುವ ಮಾಝ್ ಎಂಬ ಹೆಸರಾಯಿತು. ನವಾಹೋ ಉಚ್ಚಾರಣೆಯ ಸ್ವರಚಿಹ್ನೆಗಳನ್ನು ಯಂತ್ರದ ಗಣಕಭಾಷೆ ಓದಲಾರದ್ದರಿಂದ ಅವನ್ನು ಬಿಟ್ಟು ಬರೆಯಬೇಕಾಯಿತು. ಹೆಸರಿಡುವ ಇಚ್ಛೆ ಒಬ್ಬರದಾಗಿದ್ದರೂ ಅದನ್ನು ಹೊರುವ ಸಾಧನದ ಮಿತಿ ಇನ್ನೊಬ್ಬರದಾಗಿರುತ್ತದೆ ಎಂಬುದಕ್ಕೆ ಇದು ನಿದರ್ಶನ.

ಒಡೆತನಕ್ಕಿಂತ ಭಿನ್ನವಾದ ಇನ್ನೊಂದು ಉದ್ದೇಶ ಸ್ಮರಣೆ. ಗುಸೆವ್ ಕುಳಿಯ ಕೊಲಂಬಿಯಾ ಬೆಟ್ಟಗಳ ಏಳು ಶಿಖರಗಳು 2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆಯ ದುರಂತದಲ್ಲಿ ಮಡಿದ ಏಳು ಯಾನಿಗಳ ಹೆಸರನ್ನು ಹೊತ್ತಿವೆ, ಅವರಲ್ಲಿ ಹರಿಯಾಣದ ಕರ್ನಾಲಿನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಒಬ್ಬರು. ಕನ್ನಡ ನಾಡಿನ ಊರೂರುಗಳಲ್ಲಿ ನಿಂತ ವೀರಗಲ್ಲುಗಳು ಇದೇ ಮನೋಧರ್ಮದವು. ವ್ಯತ್ಯಾಸವೆಂದರೆ ವೀರಗಲ್ಲನ್ನು ಕಡಿದು, ಕೆತ್ತಿ, ನಿಲ್ಲಿಸಿದ ಮೇಲೆ ಅದು ನೆನಪಿನ ಕಲ್ಲಾಗುತ್ತದೆ, ಮಂಗಳದ ಬೆಟ್ಟವು ಒಂದು ಗೆರೆಯನ್ನೂ ಮೈಮೇಲೆ ಪಡೆಯದೆ ಆ ಹೊಣೆಯನ್ನು ಹೊರುತ್ತದೆ. ಇಲ್ಲಿ ಸಂಬಂಧವೆಲ್ಲ ನೆನೆಯುವವರ ಕಡೆಯದು, ಅವರು ಮರೆತರೆ ಬೆಟ್ಟದಲ್ಲಿ ಏನೂ ಕಳೆಯುವುದಿಲ್ಲ.

ಹಾಗಿದ್ದರೆ ಹೆಸರಿಲ್ಲದ ಕಲ್ಲಿನ ಅಭಿಧೇಯತ್ವಕ್ಕೆ ಆಧಾರ ಯಾವುದು? ಎಲ್ಲವನ್ನೂ ಅರಿತ ಈಶ್ವರನಿಗೆ ಎಲ್ಲವೂ ವಿಷಯವಾಗಿರುವುದರಿಂದ ಯಾವ ವಸ್ತುವೂ ಜ್ಞೇಯತ್ವದಿಂದ, ಹಾಗೆಯೇ ಅಭಿಧೇಯತ್ವದಿಂದ, ಹೊರಗುಳಿಯದು ಎಂಬುದು ನೈಯಾಯಿಕರ ಸಮಾಧಾನ. ಈಶ್ವರನನ್ನು ಒಪ್ಪದವರಿಗೂ ಮಂಗಳದ ಅನುಭವ ಒಂದು ದಾರಿಯನ್ನು ತೋರಿಸುತ್ತದೆ. ಯೋಗ್ಯತೆ ಬೇರೆ, ಹೆಸರು ಬೇರೆ. ಹೆಸರು ಮನುಷ್ಯರ ಇಚ್ಛೆಯಿಂದ ಹುಟ್ಟುವಂಥದ್ದು, ನವ್ಯರು ಹೇಳಿದಂತೆ ಅದಕ್ಕೆ ಅಷ್ಟು ಸಾಕು. ಯೋಗ್ಯತೆಯಾದರೋ ನಿರೀಕ್ಷೆಯನ್ನು ತಪ್ಪಿಸುವಷ್ಟು ನಿಶ್ಚಿತವಾದ ಸ್ವರೂಪ ಕಲ್ಲಿಗೆ ಮೊದಲೇ ಇರುವುದು. ಕ್ಷಾರಧಾತುಗಳ ಹೆಚ್ಚಳ ಗೇಲ್ ಕುಳಿಯ ಆ ಕಪ್ಪು ಕಲ್ಲಿನಲ್ಲಿ ಯಾರೂ ಅಳೆಯುವ ಮೊದಲೇ ಇತ್ತು, ಪುಡಿಯಾಗುವ ಸ್ವಭಾವ ರೂಬಿಯೋದಲ್ಲಿ ಯಾರೂ ಕೊರೆಯುವ ಮೊದಲೇ ಇತ್ತು.

ಈ ವಿವೇಕದ ಅಗತ್ಯ ಈಗ ಹೆಚ್ಚಾಗಿದೆ. 2024ರ ಜುಲೈಯಲ್ಲಿ ಪರ್ಸಿವಿಯರೆನ್ಸ್ ನೆರೆಟ್ವಾ ಕಣಿವೆಯಲ್ಲಿ ಕಂಡ, ಚಿರತೆಯ ಮೈಯಂಥ ಮಚ್ಚೆಗಳುಳ್ಳ ಬಂಡೆಗೆ ಗ್ರ್ಯಾಂಡ್ ಕ್ಯಾನಿಯನ್‌ನ ಜಲಪಾತವೊಂದರಿಂದ ಚೆಯಾವಾ ಫಾಲ್ಸ್ ಎಂಬ ಹೆಸರು ಬಂದಿದೆ. ಅದರಲ್ಲಿನ ಖನಿಜಗಳ ವಿನ್ಯಾಸ ಪುರಾತನ ಸೂಕ್ಷ್ಮಜೀವಿಗಳಿಂದ ಆದದ್ದೋ ಜೀವವಿಲ್ಲದ ರಾಸಾಯನಿಕ ಕ್ರಿಯೆಯಿಂದ ಆದದ್ದೋ ಎಂಬುದು ನಿರ್ಧಾರವಾಗಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಅಧ್ಯಯನವೂ ಅದನ್ನು ಜೀವದ ಸಂಭಾವ್ಯ ಕುರುಹು ಎಂದಷ್ಟೇ ಕರೆದಿದೆ. ಸಂಭಾವ್ಯ ಕುರುಹು ಎಂಬುದು ವರ್ಣನೆ, ಮುಂದೆ ಅದನ್ನು ದೃಢಪಡಿಸಬೇಕಾದೀತು ಅಥವಾ ಕೈಬಿಡಬೇಕಾದೀತು. ಚೆಯಾವಾ ಫಾಲ್ಸ್ ಎಂಬ ಹೆಸರಿಗೆ ಆ ಅಪಾಯವಿಲ್ಲ, ಉತ್ತರ ಯಾವುದಾದರೂ ಅದು ಅದೇ ಬಂಡೆಯನ್ನು ಸೂಚಿಸುತ್ತಿರುತ್ತದೆ. ತಿಳಿಯದಿರುವಾಗ ತಿಳಿದಂತೆ ನಟಿಸದ ಹೆಸರನ್ನು ಆರಿಸಿಕೊಳ್ಳುವುದೂ ಪ್ರಮಾಣಶಾಸ್ತ್ರದ ಒಂದು ಶಿಸ್ತೇ ಆಗಿದೆ.