ಹಿತ್ತಲಿನ ಸೊಪ್ಪು ಮತ್ತು ಶ್ರಾವಕನ ಲೆಕ್ಕ

ಅಡುಗೆಗೆ ಬೇಕಾದ ಕೊತ್ತಂಬರಿ, ಕರಿಬೇವು, ಪುದೀನ, ದೊಡ್ಡಪತ್ರೆಗಳನ್ನು ಗೃಹಸ್ಥನು ಮನೆಯಲ್ಲಿಯೇ ಬೆಳೆಸಿಕೊಳ್ಳುವುದು ಧರ್ಮಕ್ಕೆ ಸಮೀಪವೋ, ಪೇಟೆಯಿಂದ ಕೊಂಡು ತರುವುದು ಸಮೀಪವೋ? ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಒಲೆಯ ಮುಂದೆ ದಿನವೂ ಏಳುವ ಪ್ರಶ್ನೆಯನ್ನು ಸಣ್ಣದೆಂದು ತಳ್ಳಿಹಾಕಲಾಗದು.

ತಿರುಮಕೂಡಲಿನಿಂದ ನಂಜನಗೂಡಿನ ನಮ್ಮ ಮನೆಗೆ ಬಂದ ಸೊಸೆಯು ಹಿತ್ತಲನ್ನು ಅಗೆದು ಕೊತ್ತಂಬರಿ ಬಿತ್ತಲು ಹೊರಟಾಗ ನಾನು ತಡೆದೆನು. ನಿಷ್ಪ್ರಯೋಜನವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕಡಿಯುವುದು ಇವೆಲ್ಲ ಪ್ರಮಾದಚರ್ಯೆಯೆಂಬ ಅನರ್ಥದಂಡವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿರುವುದನ್ನು ನೆನಪಿಸಿ, "ಪೇಟೆಯಲ್ಲಿ ಕಟ್ಟು ಸೊಪ್ಪು ಸಿಗುವಾಗ ಈ ಆರಂಭವೇಕಮ್ಮ?" ಎಂದೆನು. "ಆ ಕಟ್ಟಿನ ಗಿಡಗಳನ್ನು ಬೇರುಸಹಿತ ಕಿತ್ತದ್ದು ಯಾರಿಗಾಗಿ, ಮಾವ?" ಎಂದು ಅವಳು ವಿನಯದಿಂದಲೇ ಕೇಳಿದಳು.

ನಾನು ನಿರುತ್ತರನಾದೆನು. ನಲವತ್ತು ವರ್ಷ ದಿನಸಿ ವ್ಯಾಪಾರ ಮಾಡಿದ ನನಗೆ, ಗಿರಾಕಿಯಿಲ್ಲದೆ ಸರಕು ಬರುವುದಿಲ್ಲವೆಂಬುದು ತಿಳಿಯದ ಸಂಗತಿಯಲ್ಲ. ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಾಬುಗಳಿರುವ ಖಾತೆಯಲ್ಲಿ ಮೊದಲನೆಯದನ್ನು ಮಾತ್ರ ಬರೆದು, ಉಳಿದೆರಡನ್ನು ಮಾರುವವನ ತಲೆಗೆ ಕಟ್ಟಿದ್ದೆನು. ಅಲ್ಲದೆ ಆಚಾರ್ಯರು ನಿಷೇಧಿಸಿದ್ದು ನಿಷ್ಪ್ರಯೋಜನವಾದುದನ್ನು, ಸೊಪ್ಪಿಗಾದರೋ ಪ್ರಯೋಜನವುಂಟು.

ನಮ್ಮ ಬಸದಿಗಳ ಗೋಡೆಗಳ ಮೇಲೆ ಷಡ್ಲೇಶ್ಯೆಗಳ ಚಿತ್ರವನ್ನು ಓದುಗರು ಕಂಡಿರಬಹುದು. ಹಣ್ಣು ಬಯಸಿದ ಆರು ಮಂದಿಯಲ್ಲಿ ಮೊದಲನೆಯವನು ಮರವನ್ನೇ ಬುಡಮೇಲು ಮಾಡಲು ಹೊರಡುತ್ತಾನೆ. ಆರನೆಯವನು ತಾನಾಗಿ ಉದುರಿದ್ದನ್ನು ಆಯ್ದುಕೊಳ್ಳುತ್ತಾನೆ. ಹಸಿವು ಒಂದೇ, ಪರಿಣಾಮ ಬೇರೆ. ಪೇಟೆಯ ಕೊತ್ತಂಬರಿ ಸಾಮಾನ್ಯವಾಗಿ ಬೇರಿನೊಡನೆಯೇ ಬರುತ್ತದೆ. ಹಿತ್ತಲಿನಲ್ಲಾದರೆ ಬೇಕಾದ ನಾಲ್ಕು ಎಸಳು ಚಿವುಟಿ ಗಿಡವನ್ನು ಉಳಿಸಬಹುದು. ಉಳಿದ ಸೊಪ್ಪು ಕೊಳೆತು ಕಸಕ್ಕೆ ಬೀಳುವುದೂ ಇಲ್ಲ. ಈ ತರ್ಕಕ್ಕೆ ಸೋತು ನಾನು ಒಪ್ಪಿದೆನು.

ಮಳೆಗಾಲ ಬಂದಿತು. ಕರಿಬೇವಿನ ಚಿಗುರನ್ನು ಹಸಿರು ಹುಳುಗಳು ಮೇಯತೊಡಗಿದವು. ನಿಂಬೆ, ಕರಿಬೇವುಗಳ ಎಲೆಯನ್ನು ತಿಂದೇ ಬೆಳೆಯುವ ಚಿಟ್ಟೆಯ ಮರಿಹುಳುಗಳಿವು. ಅಗೆಯುವುದಕ್ಕೆ ಶಾಸ್ತ್ರ ತೆಗೆದು ತಡೆದಿದ್ದ ನಾನೇ ಔಷಧಿ ತಂದು, ಯಾರನ್ನೂ ಕೇಳದೆ, ನನ್ನ ಕೈಯಿಂದಲೇ ಸಿಂಪಡಿಸಿದೆನು. ಸಂಜೆ ಸೊಸೆ ಗಿಡದ ಬುಡ ಗುಡಿಸುತ್ತಿದ್ದಳು. ಒಂದು ಮಾತನ್ನೂ ಆಡಲಿಲ್ಲ. ಅಂದು ಸಾಮಾಯಿಕಕ್ಕೆ ಕುಳಿತರೆ ಮನಸ್ಸು ನಿಲ್ಲಲಿಲ್ಲ.

ಗೃಹಸ್ಥನ ಹಿಂಸೆಯನ್ನು ಆರಂಭಿ, ಉದ್ಯೋಗಿ, ವಿರೋಧಿ, ಸಂಕಲ್ಪಿ ಎಂದು ನಾಲ್ಕಾಗಿ ವಿಂಗಡಿಸುತ್ತಾರೆ. ಅಣುವ್ರತಿಯು ಸಂಪೂರ್ಣವಾಗಿ ಬಿಡಬೇಕಾದುದು ಸಂಕಲ್ಪಿ ಹಿಂಸೆಯನ್ನು. ಎಚ್ಚರದಿಂದ ಮಣ್ಣು ಸಡಿಲಿಸಿ ಬೀಜ ಬಿತ್ತುವುದು ಆರಂಭಿ. ಕೊಲ್ಲಬೇಕೆಂದೇ ತ್ರಸಜೀವಗಳ ಮೇಲೆ ವಿಷ ಎರಚುವುದನ್ನು ಆರಂಭವೆಂದು ಕರೆದು ಪಾರಾಗಲಾಗದು. ಆದ್ದರಿಂದ ಧರ್ಮದ ಗೆರೆಯು ಹಿತ್ತಲಿಗೂ ಪೇಟೆಗೂ ನಡುವೆ ಇಲ್ಲ. ಹುಳುವನ್ನು ಕಂಡಾಗ ನಮ್ಮ ಮನಸ್ಸು ಎತ್ತ ತಿರುಗುವುದೋ ಅಲ್ಲಿದೆ.

ಹಾಗಾದರೆ ಮಾಡತಕ್ಕದ್ದೇನು? ಕುಟುಂಬಕ್ಕೆ ಸಾಲುವಷ್ಟನ್ನೇ ಬೆಳೆಯಬೇಕು. ಇರುವೆಗೂಡನ್ನು ನೋಡಿ ಮಣ್ಣು ಮುಟ್ಟಬೇಕು. ಬುಡ ಕೀಳದೆ ಎಲೆ ಚಿವುಟಬೇಕು. ಗೆಡ್ಡೆಯನ್ನು ಅಗೆದು ತೆಗೆಯಬೇಕಾದ ಶುಂಠಿಯಂಥವನ್ನು ಬಿಡಬೇಕು. ಅಷ್ಟಮಿ, ಚತುರ್ದಶಿಗಳಂದು ಗಿಡಕ್ಕೂ ವಿರಾಮವಿರಲಿ. ಚಿಟ್ಟೆ ಮೊಟ್ಟೆಯಿಡುವ ಮುನ್ನವೇ ಎಳೆಯ ಗಿಡಕ್ಕೆ ತೆಳುಬಟ್ಟೆ ಹೊದಿಸಬಹುದು. ಹುಳು ಬಂದೇ ಬಿಟ್ಟರೆ ಆ ಕೊಂಬೆಯನ್ನು ಅದಕ್ಕೇ ಬಿಡಬೇಕು. ಕೆಲವು ವಾರಗಳಲ್ಲಿ ಅದು ಕೋಶಕಟ್ಟಿ ಹಾರಿಹೋಗುತ್ತದೆ, ಬಲಿತ ಕರಿಬೇವು ಮತ್ತೆ ಚಿಗುರುತ್ತದೆ. ಅಷ್ಟು ದಿನ ಒಗ್ಗರಣೆಯಲ್ಲಿ ಕರಿಬೇವಿಲ್ಲದಿದ್ದರೆ ಕೆಡುವುದು ನಾಲಗೆಯ ಹಟವೊಂದೇ.

ಕಳೆದ ಮಳೆಗಾಲ ನಮ್ಮ ಮನೆಯ ಸಾರಿಗೆ ಕರಿಬೇವು ಬೀಳಲಿಲ್ಲ. ಸೊಸೆ ಬಡಿಸಿದಳು, ನಾನು ಉಂಡೆನು.