ದಾನಕ್ಕಾಗಿ ದೂರದ ಸವಾರಿ: ಒಂದು ವಿವೇಚನೆ

ದೇವಪೂಜೆ, ಗುರೂಪಾಸನೆ, ಸ್ವಾಧ್ಯಾಯ, ಸಂಯಮ, ತಪಸ್ಸು, ದಾನ – ಇವು ಶ್ರಾವಕನ ಷಟ್ಕರ್ಮಗಳೆಂಬುದು ಸುಜ್ಞ ವಾಚಕರಿಗೆ ತಿಳಿದ ವಿಷಯ. ದಾನದ ಹೆಸರು ಈ ಸಾಲಿನಲ್ಲಿ ಸಂಯಮ ಮತ್ತು ತಪಸ್ಸುಗಳ ಬೆನ್ನಿಗೇ ಬರುತ್ತದೆ. ಕೊಡುವ ಕೈಗೂ ಒಂದು ಪೂರ್ವಸಿದ್ಧತೆ ಬೇಕೆಂಬ ಸೂಚನೆಯನ್ನು ನಾವು ಇದರಲ್ಲಿ ಕಾಣಬಹುದು. ಈ ಮಾತನ್ನು ಮತ್ತೆ ಆಲೋಚಿಸುವಂತೆ ಮಾಡಿದ್ದು ನನ್ನ ಅಕ್ಕನ ಮಗನ ಒಂದು ಪ್ರಶ್ನೆ. ಬೋಸ್ಟನ್ ನಗರದಲ್ಲಿ ಉದ್ಯೋಗದಲ್ಲಿರುವ ಅವನು, ಅರ್ಬುದರೋಗದಿಂದ ತೀರಿಕೊಂಡ ತನ್ನ ತಂದೆಯ ನೆನಪಿನಲ್ಲಿ, ಧರ್ಮಾರ್ಥವಾದ ದೂರದ ಸೈಕಲ್ ಸವಾರಿಯೊಂದಕ್ಕೆ ಮೊದಲ ಬಾರಿ ಹೆಸರು ಕೊಡಬೇಕೆಂದಿದ್ದಾನೆ. ಅವನು ಕೇಳಿದ್ದು ಇಷ್ಟೇ: “ಮಾವ, ಸೈಕಲ್ ತುಳಿಯುವವನು ನಾನು, ಹಣ ಕೊಡುವವರು ಸ್ನೇಹಿತರು. ಹಾಗಾದರೆ ಇದರಲ್ಲಿ ನನ್ನ ದಾನ ಯಾವುದು?”

ಅವನು ಹೇಳಿದ ಸವಾರಿಯ ಹೆಸರು ಪ್ಯಾನ್-ಮಾಸ್ ಚಾಲೆಂಜ್. ತಾಯಿಯನ್ನು 1974ರಲ್ಲಿ ಅರ್ಬುದರೋಗಕ್ಕೆ ಕಳೆದುಕೊಂಡ ಬಿಲ್ಲಿ ಸ್ಟಾರ್ ಎಂಬವರು 1980ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಇದನ್ನು ಆರಂಭಿಸಿದರು. ಮೊದಲ ವರ್ಷ ಸವಾರರು 36 ಮಂದಿ, ಕೂಡಿದ ಹಣ 10,200 ಡಾಲರು. 2024ರ ವೇಳೆಗೆ ಒಟ್ಟು ಸಂಗ್ರಹ ನೂರು ಕೋಟಿ ಡಾಲರುಗಳನ್ನು ದಾಟಿತು. ಹಣವು ಬೋಸ್ಟನ್ನಿನ ಡೇನಾ-ಫಾರ್ಬರ್ ಅರ್ಬುದರೋಗ ಸಂಸ್ಥೆಗೆ ಸಲ್ಲುತ್ತದೆ. ಹೆಸರು ಕೊಟ್ಟವನು ಇಂತಿಷ್ಟು ಹಣ ಕೂಡಿಸುವೆನೆಂದು ಒಪ್ಪಿಕೊಳ್ಳಬೇಕು. ಕಡಿಮೆ ಬಿದ್ದರೆ ತನ್ನ ಕೈಯಿಂದಲೇ ತುಂಬಬೇಕು. ಆಗಸ್ಟ್ ತಿಂಗಳ ಆರಂಭದಲ್ಲಿ ಎರಡು ದಿನಗಳಲ್ಲಿ ಕ್ರಮಿಸುವ ದೀರ್ಘ ಮಾರ್ಗ ಸುಮಾರು 300 ಕಿ.ಮೀ. ಇದೆ.

ಇಲ್ಲಿ ಒಂದು ಪೂರ್ವಪಕ್ಷವನ್ನು ಎತ್ತಬಹುದು. ಕೊಡುವ ಮನಸ್ಸಿದ್ದರೆ ನೇರವಾಗಿ ಕೊಡಬಾರದೇಕೆ? ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಪ್ರಯೋಜನವಿಲ್ಲದ ಅಲೆದಾಟವನ್ನು ಪ್ರಮಾದಚರ್ಯೆಯೆಂದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಇತರರನ್ನು ಅಲೆಸುವುದೂ ಅದರಲ್ಲಿಯೇ ಸೇರುತ್ತದೆ. ಸಾವಿರಾರು ಜನ ರಸ್ತೆಗಿಳಿದು ಚಕ್ರ ಉರುಳಿಸುವುದು ಇದೇ ಅಲ್ಲವೇ?

ಈ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಆದರೆ ಬೆಳ್ಗೊಳದ ಮಸ್ತಕಾಭಿಷೇಕದಲ್ಲಿ ಹಣ ಸಲ್ಲಿಸಿ ಕಲಶ ಪಡೆಯುವವರನ್ನು ನೋಡೋಣ. ಕೊಟ್ಟ ಹಣ ದಾನ. ವಿಂಧ್ಯಗಿರಿಯ ಮೆಟ್ಟಿಲೇರುವುದು ದಾನವಲ್ಲ, ಭಕ್ತಿ. ಆದರೂ ಆ ಆರೋಹಣವಿಲ್ಲದಿದ್ದರೆ ಎಷ್ಟೋ ಮಂದಿಯ ಕೈ ಥೈಲಿಗೆ ಹೋಗುತ್ತಿರಲಿಲ್ಲ. ಸವಾರಿಯೂ ಹಾಗೆಯೇ. ಅದು ಸ್ವತಃ ದಾನವಲ್ಲ, ದಾನಕ್ಕೆ ಪ್ರೇರಣೆ. ನಮ್ಮ ಶಾಸ್ತ್ರವು ಕೃತ, ಕಾರಿತ, ಅನುಮತ ಎಂದು ಕರ್ಮದ ಮೂರು ಬಾಗಿಲುಗಳನ್ನು ಹೇಳುತ್ತದೆ. ಸ್ನೇಹಿತರು ಕೊಟ್ಟದ್ದು ಅವರ ಕೃತ. ಕೊಡಿಸಿದ್ದು ಸವಾರನ ಕಾರಿತ. ಕಡಿಮೆ ಬಿದ್ದುದನ್ನು ತಾನೇ ತುಂಬಿದರೆ ಅಷ್ಟು ಮಾತ್ರ ಅವನ ಕೃತ. ಇದು ಅಕ್ಕನ ಮಗನ ಪ್ರಶ್ನೆಗೆ ಅರ್ಧ ಉತ್ತರ.

ಉಳಿದರ್ಧ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿದೆ. ವಿಧಿ, ದ್ರವ್ಯ, ದಾತೃ, ಪಾತ್ರ – ಈ ನಾಲ್ಕರ ವಿಶೇಷದಿಂದ ದಾನದ ಫಲದಲ್ಲಿ ವಿಶೇಷ ಉಂಟಾಗುತ್ತದೆಂದು ಉಮಾಸ್ವಾಮಿಗಳು ಹೇಳಿದ್ದಾರೆ. ಮೊದಲ ಸವಾರಿಯ ಸಿದ್ಧತೆಯನ್ನು ಈ ನಾಲ್ಕು ಒರೆಗಲ್ಲುಗಳಿಗೆ ಹಚ್ಚಿ ನೋಡಬೇಕು.

ಮೊದಲನೆಯದು ದಾತೃ. ಸಿದ್ಧತೆಯಿಲ್ಲದ ದೇಹವನ್ನು ಒಮ್ಮೆಲೇ 150 ಕಿ.ಮೀ. ದಣಿಸುವುದು ಕಾಯಕ್ಲೇಶ ತಪವಲ್ಲ, ಬರಿಯ ಪ್ರಮಾದ. ದಾರಿಯಲ್ಲಿ ಕುಸಿದುಬಿದ್ದವನು ಇತರರಿಗೆ ಭಾರವಾಗುತ್ತಾನೆ. ವಾರದ ದೀರ್ಘ ಸವಾರಿಯನ್ನು ನೂರಕ್ಕೆ ಹತ್ತರಂತೆ ಏರಿಸುವುದು ಬಲ್ಲವರು ಹೇಳುವ ರೂಢಿ. ವ್ಯಾಪಾರಿಗೆ ಇದು ಚಕ್ರಬಡ್ಡಿಯ ಲೆಕ್ಕ: 30 ಕಿ.ಮೀ.ಗಳಿಂದ ಆರಂಭಿಸಿದರೆ ಹದಿನಾಲ್ಕು ಏರಿಕೆಗಳಲ್ಲಿ 114 ಕಿ.ಮೀ. ಆಗುತ್ತದೆ. ಒಂದು ದಿನದ ದೂರದ ಮುಕ್ಕಾಲು ಪಾಲು ಕೈಗೂಡಿದರೆ ಮೊದಲ ಸಲಕ್ಕೆ ಸಾಕು. ಮೂರು ವಾರಗಳಿಗೊಮ್ಮೆ ಒಂದು ವಾರ ಇಳಿಸಿ ವಿಶ್ರಾಂತಿ ಕೊಡಬೇಕು. ಕಡೆಯ ವಾರ ಹಗುರಾಗಿರಬೇಕು. ಆಗಸ್ಟ್ ಸವಾರಿಗೆ ಮಾರ್ಚಿಯಲ್ಲೇ ತೊಡಗಿದರೆ ಅವಸರಪಡಬೇಕಾಗಿಲ್ಲ. ಚಕ್ರಬಡ್ಡಿಗೆ ತಾಳ್ಮೆಯೇ ಬಂಡವಾಳ.

ಎರಡನೆಯದು ವಿಧಿ. ಮುನಿಗಳು ಈರ್ಯಾಸಮಿತಿಯಲ್ಲಿ ನಾಲ್ಕು ಮೊಳ ನೆಲವನ್ನು ನೋಡಿಕೊಂಡು ನಡೆಯುತ್ತಾರೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುವವನು ಒಂದು ಸೆಕೆಂಡಿಗೆ ಐದೂವರೆ ಮೀಟರು ಸಾಗುತ್ತಾನೆ. ನಾಲ್ಕು ಮೊಳ ಅವನಿಗೆ ಕಣ್ಣುರೆಪ್ಪೆ ಬಡಿಯುವಷ್ಟು ಹೊತ್ತು. ಗೃಹಸ್ಥನಿಗೆ ಮುನಿಯ ಸಮಿತಿಯನ್ನು ವಿಧಿಸಿಲ್ಲ, ಆದರೆ ಅದರ ಆಶಯ ಅವನಿಗೂ ಸಲ್ಲುತ್ತದೆ. ಅಭ್ಯಾಸವನ್ನು ಹಗಲಿನಲ್ಲಿಯೇ ಮಾಡುವುದು, ರಸ್ತೆಯ ಅಂಚಿನ ಹುಲ್ಲಿಗೆ ಇಳಿಯದಿರುವುದು, ಎರೆಹುಳು, ಬಸವನಹುಳುಗಳು ಮೇಲೆ ಬರುವ ಮಳೆಯ ಮರುಗಳಿಗೆಯಲ್ಲಿ ಹೊರಡದಿರುವುದು ಸಾಧ್ಯವಾದ ಎಚ್ಚರಿಕೆಗಳು. ಬ್ರೇಕು, ಟಯರುಗಳ ಗಾಳಿ, ತಲೆಯ ಶಿರಸ್ತ್ರಾಣಗಳನ್ನು ಹೊರಡುವ ಮೊದಲು ನೋಡಿಕೊಳ್ಳುವುದೂ ಅಹಿಂಸೆಯೇ. ತನ್ನ ಪ್ರಾಣವೂ ಪ್ರಾಣವಲ್ಲವೇ?

ಆಹಾರವೂ ವಿಧಿಗೇ ಸೇರಿದ್ದು. ದೀರ್ಘ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ-ಸಕ್ಕರೆ ಬೇಕಾಗುತ್ತದೆ. ಅಂಗಡಿಯಲ್ಲಿ ಮಾರುವ ಶಕ್ತಿವರ್ಧಕ ಪೊಟ್ಟಣಗಳಲ್ಲಿ ಕೆಲವಕ್ಕೆ ಜೇನು, ಕೆಲವಕ್ಕೆ ಪ್ರಾಣಿಗಳ ಮೂಳೆ-ಚರ್ಮಗಳಿಂದ ತೆಗೆದ ಜೆಲಟಿನ್ ಸೇರಿರುತ್ತದೆ, ಓದಿ ಕೊಳ್ಳಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಸಿಗುತ್ತದೆ. ಖರ್ಜೂರ, ಶೇಂಗಾ ಚಿಕ್ಕಿಗಳು ಜೇಬಿನಲ್ಲಿ ಕೂರುತ್ತವೆ. ಚರ್ಮದ ಆಸನ, ಚರ್ಮದ ಕೈಗವಸುಗಳ ಬದಲಿಗೆ ಬೇರೆಯವು ಧಾರಾಳವಾಗಿ ದೊರೆಯುತ್ತವೆ.

ಮೂರನೆಯದು ದ್ರವ್ಯ. ಸೈಕಲ್ಲಿನ ಬೆಲೆ, ಉಡುಪು, ನೋಂದಣಿ ಶುಲ್ಕ ಇವು ಸವಾರನ ಸ್ವಂತ ಖರ್ಚು. ಇವನ್ನು ದಾನದ ಖಾತೆಗೆ ಬರೆಯತಕ್ಕದ್ದಲ್ಲ. ಸ್ನೇಹಿತರಿಂದ ಬಂದ ಹಣದಲ್ಲಿ ಒಂದು ಪೈಸೆಯೂ ಈ ಕಡೆಗೆ ಹರಿಯಬಾರದು. ಎರಡು ಖಾತೆಗಳನ್ನು ಬೇರೆಯಾಗಿ ಇಟ್ಟು, ಕೊಟ್ಟವರು ಕೇಳುವ ಮೊದಲೇ ಲೆಕ್ಕ ಒಪ್ಪಿಸುವುದು ಅಚೌರ್ಯದ ಭಾಗ. ದಾನಕ್ಕೆ ಕೊಡುವುದಕ್ಕಿಂತ ಹೆಚ್ಚು ಬೆಲೆಯ ಸೈಕಲ್ ಕೊಂಡವನು ಅಪರಿಗ್ರಹದ ಮುಂದೆ ಏನು ಉತ್ತರ ಹೇಳಬಲ್ಲನು?

ನಾಲ್ಕನೆಯದು ಪಾತ್ರ. ಕಷ್ಟದ ಮಾತು ಇಲ್ಲಿದೆ. ರೋಗಿಯ ಮೇಲಿನ ಕರುಣೆ ಔಷಧದಾನವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅರ್ಬುದರೋಗದ ಸಂಶೋಧನೆಯಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಯುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಕಾರಿತದ ನಿಯಮ ಪುಣ್ಯಕ್ಕೆ ಹೇಗೋ ಹಿಂಸೆಗೂ ಹಾಗೆಯೇ. ಪುಣ್ಯದ ಪಾಲನ್ನು ಜಮಾ ಕಡೆಗೆ ಬರೆದುಕೊಂಡವನು ಖರ್ಚಿನ ಕಡೆಯನ್ನು ಖಾಲಿ ಬಿಡುವಂತಿಲ್ಲ. ನಮ್ಮ ಭಾವನವರು ಕಡೆಯ ವರ್ಷಗಳಲ್ಲಿ ಸೇವಿಸಿದ ಔಷಧಗಳೂ ಅದೇ ಹಾದಿಯಿಂದ ಬಂದವು. ಆದಕಾರಣ ಸಂಶೋಧಕರನ್ನು ಹಳಿಯುವ ಅಧಿಕಾರ ನಮಗಿಲ್ಲ. ಆದರೂ ಇದ್ದುದನ್ನು ಆಪತ್ತಿನಲ್ಲಿ ಸ್ವೀಕರಿಸುವುದು ಬೇರೆ, ಅದು ಮುಂದುವರಿಯಲೆಂದು ಹಣ ಕೂಡಿಸುವುದು ಬೇರೆ. ರೋಗಿಗಳ ಶುಶ್ರೂಷೆ, ಬಡ ರೋಗಿಗಳ ಚಿಕಿತ್ಸಾವೆಚ್ಚ, ಮನೆಯವರ ವಸತಿ ಮೊದಲಾದ ಕಾರ್ಯಗಳಿಗೆ ಮೀಸಲಾದ ನಿಧಿಗಾಗಿ ನಡೆಯುವ ಸವಾರಿಗಳು ಇದ್ದೇ ಇವೆ. ಹೆಸರು ಕೊಡುವ ಮೊದಲು ಹಣ ಯಾವ ಕಾರ್ಯಕ್ಕೆ ಹೋಗುತ್ತದೆಂದು ಪತ್ರ ಬರೆದು ವಿಚಾರಿಸು. ಶುಶ್ರೂಷೆಗೆ ಮೀಸಲಾದದ್ದು ಸಿಕ್ಕರೆ ಅದನ್ನೇ ಆರಿಸಿಕೊ – ಹೀಗೆಂದು ಅವನಿಗೆ ಬರೆದಿದ್ದೇನೆ. ತಂದೆಯ ನೆನಪು ಅವನದು; ನಿರ್ಧಾರವೂ ಅವನದೇ.

ಅವನ ಪ್ರಶ್ನೆಗೆ ನನಗೆ ತೋರಿದ ಪೂರ್ಣ ಉತ್ತರವಿದು. ಎರಡು ದಿನಗಳ ಸವಾರಿ ದಾನಕ್ಕೆ ನೆವ ಮಾತ್ರ. ಆ ಹಿಂದಿನ ಐದು ತಿಂಗಳು ಬೆಳಗಿನಲ್ಲೆದ್ದು ದೇಹವನ್ನು ಹದಗೊಳಿಸಿದ ಸಂಯಮ, ನೆಲ ನೋಡಿ ಸಾಗಿದ ಎಚ್ಚರ, ಚೊಕ್ಕವಾಗಿಟ್ಟ ಲೆಕ್ಕ, ಪಾತ್ರವನ್ನು ವಿಚಾರಿಸಿದ ವಿವೇಕ, ಇವೇ ಅವನು ತನ್ನದೆಂದು ಹೇಳಿಕೊಳ್ಳಬಹುದಾದ ಭಾಗ. ಸವಾರಿಯ ದಿನ ಅಡ್ಡಮಳೆ ಬಂದು ಅರ್ಧದಾರಿಯಲ್ಲಿ ನಿಲ್ಲಬೇಕಾಗಿ ಬಂದರೂ ಈ ಭಾಗ ನಷ್ಟವಾಗುವುದಿಲ್ಲ. ನಮ್ಮ ಬಸದಿಗಳ ಟ್ರಸ್ಟುಗಳೂ ತರುಣರ ಇಂಥ ಉತ್ಸಾಹವನ್ನು ಕೇವಲ ಆಟವೆಂದು ಕಡೆಗಣಿಸದೆ, ಈ ನಾಲ್ಕು ಪ್ರಶ್ನೆಗಳನ್ನು ಅವರ ಮುಂದಿಟ್ಟು ಹರಸಿದರೆ ಧರ್ಮಪ್ರಭಾವನೆಗೆ ಅನುಕೂಲವಾದೀತು.