ತಪ್ಪಿಗೂ ಒಂದು ಜಾಗ

ಚಳಿಗಾಲದ ಬೆಳಿಗ್ಗೆ ಬಚ್ಚಲಿನಲ್ಲಿ ನಾವೆಲ್ಲ ಮಾಡುವ ಕೆಲಸವಿದು. ನೀರು ತಣ್ಣಗಿದೆಯೆಂದು ಬಿಸಿನೀರಿನ ನಲ್ಲಿ ತಿರುಗಿಸುತ್ತೇವೆ. ಗೀಸರಿನಿಂದ ನೀರು ಹರಿದುಬರಲು ತುಸು ಹೊತ್ತು ಬೇಕು. ಅಷ್ಟು ತಾಳದೆ ಇನ್ನಷ್ಟು ತಿರುಗಿಸುತ್ತೇವೆ, ಮೈ ಸುಡುತ್ತದೆ. ಗಾಬರಿಯಲ್ಲಿ ತಣ್ಣೀರು ಹೆಚ್ಚಿಸುತ್ತೇವೆ, ಮತ್ತೆ ನಡುಕ.

ಕೆಮಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರೋಸೆಸ್ ಕಂಟ್ರೋಲ್ ಪಾಠದಲ್ಲಿ ಎದುರಿಸುವುದೂ ಈ ಅವಸರವನ್ನೇ. ರಿಯಾಕ್ಟರಿನ ಉಷ್ಣತೆ, ಟ್ಯಾಂಕಿನ ಮಟ್ಟ ಹದ ತಪ್ಪದಂತೆ ಕಾಯುವ ವಿದ್ಯೆ ಅದು. ಹದ ತಪ್ಪಿದಾಗ ಕಂಟ್ರೋಲರ್ ಎಂಬ ಸಾಧನ ವಾಲ್ವನ್ನು ಎಷ್ಟು ಜೋರಾಗಿ ತಿರುಗಿಸಬೇಕೆಂಬ ಪ್ರಮಾಣಕ್ಕೆ ಗೇನ್ ಎನ್ನುತ್ತಾರೆ. 1942ರಲ್ಲಿ ಜೀಗ್ಲರ್ ಮತ್ತು ನಿಕೋಲ್ಸ್ ಎಂಬ ಎಂಜಿನಿಯರುಗಳು ಅದನ್ನು ಗೊತ್ತುಮಾಡುವ ದಾರಿ ತೋರಿಸಿದರು: ಉಷ್ಣತೆ ಒಂದೇ ಲಯದಲ್ಲಿ ಏರಿಳಿಯುವವರೆಗೆ ಗೇನ್ ಹೆಚ್ಚಿಸಿ, ತೀರ ಸರಳ ಕಂಟ್ರೋಲರಾದರೆ ಅದರ ಅರ್ಧಕ್ಕೆ ಇಳಿಸಬೇಕು. ನಿಜವಾದ ರಿಯಾಕ್ಟರನ್ನು ಹೀಗೆ ಓಲಾಡಿಸುವುದು ಅಪಾಯ. ಸೈಲ್ಯಾಬ್, ಸಿಮುಲಿಂಕ್‌ನಂಥ ತಂತ್ರಾಂಶದಲ್ಲಿ ಆ ಭಯವಿಲ್ಲ. ಗೇನ್ ಅತಿಯಾದರೆ ಪರದೆಯ ಮೇಲಿನ ಗೆರೆ ಅಲೆಯಲೆಯಾಗಿ ಎದ್ದು ಮಿತಿ ಮೀರುತ್ತದೆ. ವಿದ್ಯಾರ್ಥಿನಿ ಅಂಕಿ ಬದಲಿಸಿ ಮತ್ತೆ ಓಡಿಸುತ್ತಾಳೆ. ಗಂಟೆಗಟ್ಟಲೆ ಹಿಡಿಯುವ ಪ್ರಕ್ರಿಯೆ ಕ್ಷಣಗಳಲ್ಲಿ ಮುಗಿದು, ಅವಸರದ ಫಲ ಕಣ್ಣಿಗೆ ಕಾಣುತ್ತದೆ.

ಇಂಥ ಅಭ್ಯಾಸದ ಅಗತ್ಯ ಕಾಲೇಜಿಗಷ್ಟೇ ಸೀಮಿತವಲ್ಲ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿಯ ತೈಲ ಸಂಸ್ಕರಣಾಗಾರದಲ್ಲಿ ಒಂದು ಗೋಪುರವನ್ನು ಚಾಲೂ ಮಾಡುವಾಗ ದ್ರವ ಮಿತಿಮೀರಿ ತುಂಬಿ, ಹೊರಚೆಲ್ಲಿ, ಸ್ಫೋಟವಾಯಿತು. ಮಾಪಕ ಮಾತ್ರ ಮಟ್ಟ ಇಳಿಯುತ್ತಿದೆಯೆಂದೇ ತೋರಿಸುತ್ತಿತ್ತು. 15 ಜನ ಪ್ರಾಣ ಕಳೆದುಕೊಂಡರು. ತನಿಖಾ ಮಂಡಳಿ ಪಟ್ಟಿಮಾಡಿದ ಹಲವು ಲೋಪಗಳಲ್ಲಿ ಇದೂ ಒಂದು: ಇಂಥ ಅಪರೂಪದ ಸಂದರ್ಭಗಳನ್ನು ಮೊದಲೇ ಅಭ್ಯಾಸ ಮಾಡಲು ಕೆಲಸಗಾರರಿಗೆ ಸಿಮ್ಯುಲೇಟರ್ ಇರಲಿಲ್ಲ.

ತಾಳ್ಮೆ ಉಪದೇಶದಿಂದ ಬರುವುದಿಲ್ಲ. ತಪ್ಪಿ, ತಿದ್ದಿಕೊಂಡು, ಮತ್ತೆ ಮಾಡಿ ನೋಡಿದಾಗ ಬರುತ್ತದೆ. ಹಾಗೆ ತಪ್ಪಲು ನಿರಪಾಯವಾದ ಜಾಗ ಒದಗಿಸುವುದು ಗುರುವಿನ ಧರ್ಮ, ಹಿರಿಯರ ಧರ್ಮವೂ ಹೌದು. ಮಗ ಮೊದಲ ಸಲ ಒಲೆಯ ಮುಂದೆ ನಿಂತಾಗ, ಮಗಳು ಬ್ಯಾಂಕಿನ ಚಲನ್ ತುಂಬುವಾಗ ಪಕ್ಕದಲ್ಲಿರೋಣ, ಆದರೆ ಕೈ ಹಾಕದಿರೋಣ. ಸಾರಿಗೆ ಉಪ್ಪು ಹೆಚ್ಚಾದರೆ ಒಂದು ಹೊತ್ತಿನ ಊಟ ಕೆಟ್ಟೀತು, ಅಷ್ಟೇ. ಸಣ್ಣ ತಪ್ಪಿಗೆ ಬೈಯದೆ ಇನ್ನೊಮ್ಮೆ ಮಾಡಲು ಬಿಡೋಣ. ದೊಡ್ಡ ಹೊಣೆ ಹೊರುವ ಕೈಗಳು ಪಳಗುವುದು ಹೀಗೆಯೇ.